ಸೆಟ್‌ಟಾಪ್ ಬಾಕ್ಸ್, ಮೀಡಿಯಾ ಕಂಪ್ಯೂಟರ್ ಮತ್ತು ಒಂದು ಹಳದಿ ವೈರು

ಮುಂಬೈಯ ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಕೇಬಲ್ ಕನೆಕ್ಷನ್ ಒಂದೇ, ಸೆಟ್‌ಟಾಪ್ ಬಾಕ್ಸ್ ಒಂದೇ, ಅದು ಇರುವುದು ಹಾಲ್‌ನಲ್ಲಿ. ಕನ್ನಡ ಧಾರಾವಾಹಿಗಳು ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಅಡುಗೆಮನೆಯಲ್ಲಿರುತ್ತಾರೆ. ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ಅದೇ ಚಾನೆಲ್ ಬರಬೇಕು, ತಪ್ಪಿಹೋದ ಕಂತು ರೆಕಾರ್ಡ್ ಆಗಿರಬೇಕು. ಇಷ್ಟು ನಮ್ಮ ಬೇಡಿಕೆ. ಹಾಲ್‌ನಲ್ಲಿ ಟಿವಿ ಕೆಳಗೆ ಆಗಲೇ ಒಂದು ಸಣ್ಣ ಇಂಟೆಲ್ ಮಿನಿ ಪಿಸಿ ಇತ್ತು. ಲಿನಕ್ಸ್ ಮೇಲೆ ಕೋಡಿ ಅನ್ನುವ ಮೀಡಿಯಾ ಪ್ಲೇಯರ್ ತಂತ್ರಾಂಶ ಹಾಕಿ ಮನೆಯ ಫೋಟೊ, ಹಾಡು, ಸಿನಿಮಾ ನೋಡಲು ಬಳಸುತ್ತಿದ್ದೆವು. ಆ ಕಂಪ್ಯೂಟರಿಗೆ ಈ ಬಾಕ್ಸನ್ನು ಜೋಡಿಸಿದ ಕೆಲಸದ ವಿವರ ಇಲ್ಲಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಾಕ್ಸಿನ ಚಿತ್ರವನ್ನು ಕಂಪ್ಯೂಟರಿಗೆ ತರುವುದು ಸುಲಭ. ಚಾನೆಲ್ ಬದಲಿಸು ಅಂತ ಬಾಕ್ಸಿಗೆ ಹೇಳುವುದೂ ಅಷ್ಟೇನೂ ಕಷ್ಟವಲ್ಲ. ಹೇಳಿದ್ದು ಬಾಕ್ಸಿಗೆ ಕೇಳಿಸಿತಾ ಅಂತ ತಿಳಿಯುವುದೇ ದೊಡ್ಡ ಕೆಲಸ. ರಿಮೋಟ್ ಒಂದು ಕಡೆಯಿಂದ ಮಾತ್ರ ಮಾತಾಡುತ್ತದೆ. ನಾವಾದರೆ ಟಿವಿ ನೋಡಿ ತಿಳಿದುಕೊಳ್ಳುತ್ತೇವೆ. ಕಂಪ್ಯೂಟರಿಗೆ ಆ ನೋಟವನ್ನು ಕೊಡದೆ ಹೋದರೆ ರೆಕಾರ್ಡಿಂಗ್ ನಂಬುವ ಹಾಗಿರುವುದಿಲ್ಲ.

ಕೇಬಲ್ ವೈರನ್ನೇ ನೇರವಾಗಿ ಕಂಪ್ಯೂಟರಿಗೆ ಚುಚ್ಚಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅನಲಾಗ್ ಕೇಬಲ್ ಇದ್ದಾಗ ಆಗುತ್ತಿತ್ತು. ಟಿವಿ ಟ್ಯೂನರ್ ಕಾರ್ಡ್ ಹಾಕಿದರೆ ಎಲ್ಲ ಚಾನೆಲ್ ಮಾನಿಟರಿನಲ್ಲೇ ಬರುತ್ತಿದ್ದವು. ಡಿಜಿಟಲ್ ಕೇಬಲ್‌ಗೆ ಬದಲಾಗಲು ಮುಂಬೈಗೆ ಕೊಟ್ಟ ಗಡುವು 2012ರ ಅಕ್ಟೋಬರ್ 31. ಅಲ್ಲಿಂದ ಮುಂದೆ ಕೇಬಲ್‌ನಲ್ಲಿ ಬರುವ ಚಾನೆಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿ, ಅಂದರೆ ಬೀಗ ಹಾಕಿಕೊಂಡು ಬರುತ್ತವೆ. ಕಂಪ್ಯೂಟರಿನ ಡಿವಿಬಿ-ಸಿ (ಡಿಜಿಟಲ್ ಕೇಬಲ್) ಟ್ಯೂನರ್ ಸಿಗ್ನಲ್ ಹಿಡಿಯಬಹುದು, ಆದರೆ ಬೀಗ ತೆಗೆಯುವ ಕೀಲಿ ಇರುವುದು ಬಾಕ್ಸಿನೊಳಗೆ. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಬೇಕಾದ ಚಾನೆಲ್ ಆರಿಸಿ ಅದಕ್ಕಷ್ಟೇ ದುಡ್ಡು ಕಟ್ಟುವ ಪದ್ಧತಿ ಬಂತು. ಮುಂಬೈಯಲ್ಲಿ ನಾವು ಕನ್ನಡ ಚಾನೆಲ್‌ಗಳನ್ನು ಬೇರೆಯಾಗಿ ಹಾಕಿಸಿಕೊಳ್ಳುತ್ತೇವೆ. ಆ ಹಕ್ಕೂ ಅದೇ ಬಾಕ್ಸಿಗೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಬಾಕ್ಸನ್ನು ದಾಟಿ ಹೋಗುವ ದಾರಿ ಇಲ್ಲ.

ದೂರದರ್ಶನದ ಚಂದನ ಮಾತ್ರ ಸಾಕು ಅನ್ನುವವರಿಗೆ ಬೇರೆ ದಾರಿ ಇದೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಒಂದು ಡಿಶ್, ಕಂಪ್ಯೂಟರಿಗೆ ಒಂದು ಡಿವಿಬಿ-ಎಸ್2 (ಉಪಗ್ರಹ) ಟ್ಯೂನರ್ ಇದ್ದರೆ ಉಚಿತ ಚಾನೆಲ್‌ಗಳನ್ನು ಬಾಕ್ಸ್ ಇಲ್ಲದೆ ಹಿಡಿಯಬಹುದು. ಆ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಅಂದರೆ ಮುಂಬೈಯಿಂದ ಡಿಶ್ ಆಗ್ನೇಯಕ್ಕೆ ನೋಡಬೇಕು. ನಮ್ಮ ಕಿಟಕಿಗಳು ಪಶ್ಚಿಮಕ್ಕಿವೆ, ಟೆರೇಸ್ ಸೊಸೈಟಿಯದ್ದು. ಅದನ್ನು ಅಲ್ಲಿಗೇ ಬಿಟ್ಟೆ.

ಎಚ್‌ಡಿಎಂಐ ಯಾಕೆ ಬೇಡ

ಬಾಕ್ಸಿನ ಹಿಂದೆ ಎರಡು ಔಟ್‌ಪುಟ್ ಇವೆ. ಎಚ್‌ಡಿಎಂಐ ಒಂದು, ಹಳೆಯ ಬಗೆಯ ಅನಲಾಗ್ ಎವಿ ಒಂದು. ಎಚ್‌ಡಿಎಂಐ ಚಿತ್ರ ಚೆನ್ನಾಗಿರುತ್ತದೆ, ಆದರೆ ಅದರ ಮೇಲೆ ಎಚ್‌ಡಿಸಿಪಿ ಅನ್ನುವ ಕಾವಲು ಇರುತ್ತದೆ. ಸರಿಯಾದ ಕ್ಯಾಪ್ಚರ್ ಕಾರ್ಡ್ (ಚಿತ್ರವನ್ನು ಕಂಪ್ಯೂಟರಿಗೆ ಎಳೆದುಕೊಳ್ಳುವ ಸಾಧನ) ಅದನ್ನು ಕಂಡರೆ ಕಪ್ಪು ಪರದೆ ಕೊಟ್ಟು ಸುಮ್ಮನಾಗುತ್ತದೆ. ಆ ಕಾವಲನ್ನು ಕಳಚುವ ಸಾಮಾನುಗಳ ಬಗ್ಗೆ ನಾನು ಬರೆಯುವುದಿಲ್ಲ, ಬಳಸುವುದೂ ಇಲ್ಲ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಇಂಥ ಕಾವಲು ಮುರಿಯುವುದರ ಬಗ್ಗೆಯೇ ಇದೆ. ಅದೇ 1957ರ ಕಾಯ್ದೆಯ 39ನೇ ಕಲಮು, ಪ್ರಸಾರವಾದದ್ದನ್ನು ತನ್ನ ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಎವಿ ಔಟ್‌ಪುಟ್‌ನಿಂದ ತೆಗೆದು, ಮನೆಯೊಳಗೇ ನೋಡಿ, ಆಮೇಲೆ ಅಳಿಸುವುದು ನನಗೆ ನೆಮ್ಮದಿಯ ದಾರಿ. ರೆಕಾರ್ಡಿಂಗ್ ಮನೆಯಿಂದ ಹೊರಗೆ ಹೋಗಬಾರದು. ಬಂಧುಗಳ ವಾಟ್ಸಾಪ್ ಗುಂಪಿಗೂ ಹೋಗಬಾರದು.

ಇನ್ನೊಂದು ಅನುಕೂಲ ಇದೆ. ನಮ್ಮ ಬಾಕ್ಸ್ ಎರಡೂ ಔಟ್‌ಪುಟ್‌ಗಳನ್ನು ಒಟ್ಟಿಗೇ ಕೊಡುತ್ತದೆ. ಎಚ್‌ಡಿಎಂಐ ಮೊದಲಿನಂತೆ ಟಿವಿಗೇ ಹೋಗುತ್ತದೆ, ಎವಿ ಕಂಪ್ಯೂಟರಿಗೆ. ಕಂಪ್ಯೂಟರ್ ಕೆಟ್ಟು ಕೂತರೂ ಹಾಲ್‌ನ ಟಿವಿಗೆ ಏನೂ ಆಗುವುದಿಲ್ಲ. ಮನೆಯವರೆಲ್ಲ ಬಳಸುವ ವಸ್ತುವಿನ ಮೇಲೆ ಕೈ ಹಾಕುವಾಗ ಇದು ಬಹಳ ಮುಖ್ಯ. ನಿಮ್ಮ ಬಾಕ್ಸ್ ಹೀಗೆ ಕೊಡುತ್ತದಾ ಅಂತ ಮೊದಲು ನೋಡಿ.

ಎವಿ ಅಂದರೆ ಇಲ್ಲಿಯ ಹಳೆಯ ಟಿವಿ ಮಾನದಂಡವಾದ ಪಾಲ್ ಚಿತ್ರ: 720 ಅಗಲ, 576 ಎತ್ತರ, ಸೆಕೆಂಡಿಗೆ 25 ಫ್ರೇಮ್. ಐವತ್ತು ಇಂಚಿನ ಟಿವಿಯಲ್ಲಿ ಇದು ಮಂಕಾಗಿ ಕಾಣುತ್ತದೆ, ನಿಜ. ಅಡುಗೆಮನೆಯ ಎಂಟಿಂಚಿನ ಟ್ಯಾಬ್ಲೆಟ್‌ನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಸಾಮಾನು ಮತ್ತು ವೈರು

ಸಾಮಾನು ತಂದದ್ದು ಲ್ಯಾಮಿಂಗ್ಟನ್ ರೋಡ್‌ನಿಂದ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವ ಬದಿಗೆ ಇಳಿದರೆ ನಡೆದೇ ಹೋಗಬಹುದು. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್ ಅಂತ ಇರುತ್ತದೆ, ಕೇಳುವಾಗ ಎಲ್ಲರೂ ಹಳೆಯ ಹೆಸರನ್ನೇ ಹೇಳುತ್ತಾರೆ. ಒಂದು ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್, ಆರ್ಡುಯಿನೊ ನ್ಯಾನೊ ಅನ್ನುವ ಒಂದು ಪುಟ್ಟ ಕಂಟ್ರೋಲರ್ ಬೋರ್ಡ್, 940 ನ್ಯಾನೊಮೀಟರಿನ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ, 38 ಕಿಲೊಹರ್ಟ್ಸ್‌ನ ಟಿಎಸ್‌ಒಪಿ1738 ರಿಸೀವರ್, ಕೆಲವು ರೆಸಿಸ್ಟರ್, ಒಂದು ಎವಿ ಕೇಬಲ್. ಎಲ್ಲಾ ಸೇರಿ ದೊಡ್ಡ ಖರ್ಚೇನಲ್ಲ.

ಡಾಂಗಲ್ ಕೊಳ್ಳುವಾಗ ಹೊರಗಿನ ಪ್ಲಾಸ್ಟಿಕ್ ನೋಡಿ ಪ್ರಯೋಜನವಿಲ್ಲ. ಒಂದೇ ಆಕಾರ, ಒಂದೇ ಬಣ್ಣದ ಡಾಂಗಲ್‌ಗಳಲ್ಲಿ ಬೇರೆ ಬೇರೆ ಚಿಪ್ ಇರುತ್ತವೆ. ಎಸ್‌ಟಿಕೆ1160, ಯುಟಿವಿ007, ಇಎಂ28 ಸಾಲಿನ ಚಿಪ್‌ಗಳಿಗೆ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ. ಬೇರೆ ಚಿಪ್ ಆದರೆ ಒದ್ದಾಟ. ಲ್ಯಾಪ್‌ಟಾಪ್ ಜೊತೆಗೇ ಒಯ್ದು, ಅಂಗಡಿಯ ಕೌಂಟರಿನ ಮೇಲೆಯೇ ಚುಚ್ಚಿ, ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟು ಚಿಪ್ ಯಾವುದು ನೋಡಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಆ ರಸ್ತೆಯಲ್ಲಿ ದಿನವೂ ನಡೆಯುವ ಕೆಲಸ ಅದು.

ಎವಿ ಕೇಬಲ್‌ನಲ್ಲಿ ಒಂದು ಸೂಕ್ಷ್ಮ ಇದೆ. ಈಗಿನ ಬಾಕ್ಸ್‌ಗಳಲ್ಲಿ ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ, ಕೆಂಪು ಅಂತ ಮೂರು ತೂತು ಇರುವುದು ಕಡಿಮೆ. 3.5 ಮಿಲಿಮೀಟರಿನ ಒಂದೇ ತೂತು, ಅದಕ್ಕೆ ನಾಲ್ಕು ಪಟ್ಟಿಯ ಪಿನ್. ಯಾವ ಪಟ್ಟಿಯಲ್ಲಿ ಚಿತ್ರ, ಯಾವುದರಲ್ಲಿ ಗ್ರೌಂಡ್ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಕ್ರಮವಿಲ್ಲ. ಒಂದು ಬಗೆಯ ಕೇಬಲ್‌ನಲ್ಲಿ ಗ್ರೌಂಡ್ ಮೂರನೇ ಪಟ್ಟಿ, ಇನ್ನೊಂದರಲ್ಲಿ ಬುಡದ ಪಟ್ಟಿ. ಮೊಬೈಲ್ ಅಂಗಡಿಯಲ್ಲಿ ಸಿಕ್ಕ ಕೇಬಲ್ ಹಾಕಿದರೆ ಚಿತ್ರ ಬರದೆ ಗುರ್ ಅನ್ನುವ ಸದ್ದು ಮಾತ್ರ ಬರಬಹುದು. ಬಾಕ್ಸ್ ಜೊತೆ ಬಂದ ಕೇಬಲ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಯಾವ ಪಟ್ಟಿ ಯಾವ ಪಿನ್ನಿಗೆ ಹೋಗುತ್ತದೆ ನೋಡಿಕೊಳ್ಳಿ. ಗ್ರೌಂಡ್ ಸರಿಯಿದ್ದು ಉಳಿದವು ಅದಲುಬದಲಾಗಿದ್ದರೆ, ಹಳದಿ ತೂತಿಗೆ ಕೆಂಪು ಪಿನ್ ಚುಚ್ಚಿದರೂ ಚಿತ್ರ ಬರುತ್ತದೆ.

ಹಳದಿ ವೈರಿಗೆ ಕವಲು ಹಾಕಿ ಟಿವಿಗೂ ಡಾಂಗಲ್‌ಗೂ ಕೊಡಬೇಡಿ. ಈ ಸಿಗ್ನಲ್ 75 ಓಮ್‌ನ ಒಂದೇ ಹೊರೆಗೆ ಲೆಕ್ಕ ಹಾಕಿದ್ದು. ಎರಡು ಹೊರೆ ಬಿದ್ದರೆ ಮಟ್ಟ ಮೂರರಲ್ಲಿ ಎರಡು ಪಾಲಿಗೆ ಇಳಿದು ಚಿತ್ರ ಮಂಕಾಗುತ್ತದೆ.

ಜುಮ್ ಅನ್ನುವ ವೈರು

ಮುಂಬೈಯ ಹಳೆಯ ಸೊಸೈಟಿಗಳಲ್ಲಿ ಇರುವವರು ಈ ಭಾಗವನ್ನು ದಯವಿಟ್ಟು ದಾಟಿ ಹೋಗಬೇಡಿ. ಕೇಬಲ್ ವೈರಿನ ಹೊರಗಿನ ಜಾಲರಿ ಬೇರೆ ಬೇರೆ ಕಟ್ಟಡಗಳ ಆಂಪ್ಲಿಫೈಯರ್‌ಗಳನ್ನು ಮುಟ್ಟಿ ಬರುತ್ತದೆ. ಅವುಗಳ ಅರ್ಥಿಂಗ್ ಒಂದು, ನಿಮ್ಮ ಮನೆಯ ಅರ್ಥಿಂಗ್ ಇನ್ನೊಂದು. ಪಿನ್ ತೆಗೆಯುವಾಗ ಬೆರಳಿಗೆ ಜುಮ್ ಅನ್ನುವುದು ಇದರಿಂದ. ಬಾಕ್ಸ್ ಮತ್ತು ಟಿವಿ ಮಾತ್ರ ಇದ್ದಾಗ ಯಾರೂ ಗಮನಿಸುವುದಿಲ್ಲ. ಮೂರು ಪಿನ್ನಿನ ಪ್ಲಗ್ ಇರುವ ಕಂಪ್ಯೂಟರ್ ಸೇರಿದ ಕೂಡಲೇ ಎರಡು ಅರ್ಥಿಂಗ್ ಎವಿ ಕೇಬಲ್ ಮೂಲಕ ಕೂಡಿಕೊಳ್ಳುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಮೇಲೆ ಸರಿಯುತ್ತವೆ, ಸ್ಪೀಕರಿನಲ್ಲಿ ಗುಂಯ್ ಅಂತ 50 ಹರ್ಟ್ಸ್‌ನ ಸದ್ದು ಬರುತ್ತದೆ. ಕೆಟ್ಟ ದಿನ ಬಂದರೆ ಡಾಂಗಲ್ ಸುಡುತ್ತದೆ.

ಜೋಡಿಸುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಕೇಬಲ್ ಜಾಲರಿಗೂ ಕಂಪ್ಯೂಟರಿನ ಲೋಹದ ಮೈಗೂ ನಡುವೆ ಅಳೆದೆ. 70 ವೋಲ್ಟ್ ಹತ್ತಿರ ತೋರಿಸಿತು. ಸಂಖ್ಯೆ ನೋಡಿದ ಕೂಡಲೇ ಹೆದರಬೇಕಿಲ್ಲ. ಡಿಜಿಟಲ್ ಮೀಟರ್ ಸಣ್ಣ ಸೋರಿಕೆಯನ್ನೂ ದೊಡ್ಡದಾಗಿ ತೋರಿಸುತ್ತದೆ. ಹಾಗಂತ ಅಳೆಯದೆ ನಂಬಲೂಬಾರದು. ಒಂದು ವ್ಯಾಟ್‌ನ 100 ಕಿಲೊ ಓಮ್ ರೆಸಿಸ್ಟರನ್ನು ಎರಡರ ನಡುವೆ ಕ್ಲಿಪ್ ಹಾಕಿ, ಬರಿಗೈ ತಾಕಿಸದೆ, ಮತ್ತೆ ಅಳೆದೆ. ವೋಲ್ಟೇಜ್ ಹತ್ತರ ಕೆಳಗೆ ಕುಸಿಯಿತು. ಅಂದರೆ ಅದು ಅಡಾಪ್ಟರ್‌ಗಳ ಸೋರಿಕೆ, ನೇರ ಕರೆಂಟ್ ಅಲ್ಲ. ರೆಸಿಸ್ಟರ್ ಹಾಕಿದ ಮೇಲೂ ವೋಲ್ಟೇಜ್ ಇಳಿಯದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ.

ಕೇಬಲ್ ಹುಡುಗನಿಗೆ ಹೇಳಿದಾಗ "ವಹಿನಿ, ಶಾಕ್ ಸಗಳೀಕಡೇಚ್ ಲಾಗತೋ" ಅಂದ. ಎಲ್ಲ ಕಡೆ ಹೊಡೆಯುತ್ತದೆ ಅನ್ನುವುದು ಅವನ ಅನುಭವದ ಮಾತು. ಅವನು ದಿನವೂ ಮುಟ್ಟುವ ವೈರು ಅದು. ಪರಿಹಾರ ಸಣ್ಣದು: ಕೊಆಕ್ಸಿಯಲ್ ಐಸೊಲೇಟರ್. ಬೆರಳುದ್ದದ ಲೋಹದ ತುಂಡು. ಒಳಗೆ ನಡುವಿನ ತಂತಿಗೂ ಜಾಲರಿಗೂ ಕೆಪಾಸಿಟರ್‌ಗಳಿರುತ್ತವೆ. ಟಿವಿ ಸಿಗ್ನಲ್ ದಾಟುತ್ತದೆ, 50 ಹರ್ಟ್ಸ್ ದಾಟುವುದಿಲ್ಲ. ಗೋಡೆಯಿಂದ ಬರುವ ವೈರಿಗೂ ಬಾಕ್ಸಿಗೂ ನಡುವೆ ಅದನ್ನು ಹಾಕಿದ ಮೇಲೆ ಗುಂಯ್ ಸದ್ದು ಪೂರ್ತಿ ಹೋಯಿತು. ಅಡ್ಡಪಟ್ಟಿಯೂ ಹೋಯಿತು.

ಚಿತ್ರ ಮತ್ತು ಧ್ವನಿ

ಡಾಂಗಲ್ ಚುಚ್ಚಿದರೆ ಲಿನಕ್ಸ್‌ನಲ್ಲಿ ಒಂದು ವಿಡಿಯೊ ಸಾಧನ, ಒಂದು ಆಡಿಯೊ ಸಾಧನ ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲ ಕೆಲಸ ಸ್ಟ್ಯಾಂಡರ್ಡ್ ಅನ್ನು ಪಾಲ್‌ಗೆ ಇಡುವುದು. ಎಷ್ಟೋ ಡಾಂಗಲ್‌ಗಳು ಅಮೆರಿಕದ ಮಾನದಂಡ ಎನ್‌ಟಿಎಸ್‌ಸಿಯಲ್ಲೇ ಏಳುತ್ತವೆ, ಆಗ ಚಿತ್ರ ಉರುಳುತ್ತದೆ ಅಥವಾ ಬಣ್ಣ ಹೋಗುತ್ತದೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಪಾಲ್ ಆಗುವ ಹಾಗೆ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ.

ಡಾಂಗಲ್ ಹಿಂಡದ (ಕಂಪ್ರೆಸ್ ಮಾಡದ) ಚಿತ್ರವನ್ನೇ ಕಳಿಸುತ್ತದೆ. 720 ಗುಣಿಸು 576, ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್: ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್. ಯುಎಸ್‌ಬಿ 2ರ ಮೇಲೆ ಇದು ಸಣ್ಣ ಭಾರವಲ್ಲ. ಹಬ್‌ಗೆ ಚುಚ್ಚದೆ ಕಂಪ್ಯೂಟರಿನ ಪೋರ್ಟಿಗೇ ನೇರ ಚುಚ್ಚಿ. ಈ ಹರಿವನ್ನು ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ತಂತ್ರಾಂಶಕ್ಕೆ ಕೊಟ್ಟು ಇಂಟೆಲ್ ಚಿಪ್ಪಿನ ವಿಡಿಯೊ ಎಂಜಿನ್‌ನಿಂದ ಎಚ್.264 ವಿಡಿಯೊ ರೂಪಕ್ಕೆ ಹಿಂಡಿಸುತ್ತೇನೆ. ಸೆಕೆಂಡಿಗೆ 2.5 ಮೆಗಾಬಿಟ್ ಇಟ್ಟರೆ ಧ್ವನಿಯೂ ಸೇರಿ ಗಂಟೆಗೆ ಸುಮಾರು 1.2 ಗಿಗಾಬೈಟ್. ಅರ್ಧ ಗಂಟೆಯ ಧಾರಾವಾಹಿ 600 ಮೆಗಾಬೈಟ್ ಆಯಿತು. ಹಳೆಯ 500 ಜಿಬಿ ಡಿಸ್ಕ್ ಇದಕ್ಕೆ ಧಾರಾಳ.

ಎವಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ. ಒಂದು ಫ್ರೇಮಿನಲ್ಲಿ ಸರಿ ಗೆರೆ ಒಮ್ಮೆ, ಬೆಸ ಗೆರೆ ಇನ್ನೊಮ್ಮೆ. ಹಾಗೇ ಬಿಟ್ಟರೆ ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಅಕ್ಷರಗಳ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಕನ್ನಡ ಅಕ್ಷರಗಳ ಒತ್ತು, ದೀರ್ಘಗಳು ಇದರಲ್ಲಿ ಹಾಳಾಗುವುದು ಜಾಸ್ತಿ, ಓದಲು ಕಣ್ಣು ನೋಯುತ್ತದೆ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ ಪ್ರತಿ ಫೀಲ್ಡಿಗೂ (ಸರಿ ಅಥವಾ ಬೆಸ ಗೆರೆಗಳ ಗುಂಪಿಗೂ) ಒಂದು ಫ್ರೇಮ್ ತೆಗೆದರೆ ಸೆಕೆಂಡಿಗೆ 50 ಆಗುತ್ತದೆ, ಅಕ್ಷರ ನುಣುಪಾಗಿ ಓಡುತ್ತದೆ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ 16:9 ಆರಿಸಿ, ಎಫ್‌ಎಫ್‌ಎಂಪೆಗ್‌ಗೂ 16:9 ಅಂತಲೇ ಹೇಳಿ. ಎರಡರಲ್ಲಿ ಒಂದು ತಪ್ಪಿದರೆ ಎಲ್ಲರ ಮುಖ ಉದ್ದವಾಗುತ್ತದೆ, ಇಲ್ಲವೇ ಅಗಲವಾಗುತ್ತದೆ.

ಧ್ವನಿಯ ಸಮಸ್ಯೆ ಕೂಡಲೇ ಕಾಣುವುದಿಲ್ಲ. ಮೊದಲ ಹತ್ತು ನಿಮಿಷ ಎಲ್ಲ ಸರಿ. ಗಂಟೆ ಕಳೆದ ಮೇಲೆ ಅತ್ತೆ ಒಳಗಿನಿಂದ ಕೂಗಿದರು: "ನೋಡವ್ವಾ, ತುಟಿ ಮುಂದ ಹೊಂಟಾವ, ಮಾತು ಹಿಂದ ಬರಾಕತ್ತಾವ." ತೊಂದರೆಯ ಸ್ವರೂಪವನ್ನು ಅದಕ್ಕಿಂತ ಸರಿಯಾಗಿ ಹೇಳುವುದು ಕಷ್ಟ. ವಿಡಿಯೊದ ಗಡಿಯಾರ ಬಾಕ್ಸಿನದ್ದು, ಆಡಿಯೊದ ಗಡಿಯಾರ ಡಾಂಗಲ್‌ನೊಳಗಿನದ್ದು. ಸೆಕೆಂಡಿಗೆ 48,000 ಮಾದರಿ ಅಂತ ಹೆಸರಿಗೆ ಇದ್ದರೂ ನಿಜದಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಆ ಸ್ವಲ್ಪವೇ ಗಂಟೆಗಟ್ಟಲೆ ಕೂಡಿಕೊಂಡು ದೊಡ್ಡದಾಗುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಎರಡಕ್ಕೂ ಕಂಪ್ಯೂಟರಿನ ಗಡಿಯಾರದ ಸಮಯವನ್ನೇ ಹಚ್ಚಿ, ಆಡಿಯೊಗೆ ಎರೀಸ್ಯಾಂಪಲ್ ಫಿಲ್ಟರಿನ ಅಸಿಂಕ್ ಆಯ್ಕೆ ಕೊಟ್ಟೆ. ಅದು ಧ್ವನಿಯನ್ನು ಕಿವಿಗೆ ಗೊತ್ತಾಗದಷ್ಟು ಹಿಗ್ಗಿಸುತ್ತ ಕುಗ್ಗಿಸುತ್ತ ಚಿತ್ರದ ಜೊತೆ ನಡೆಸುತ್ತದೆ. ಎರಡೂ ಒಳಹರಿವು ಕಾಯುವ ಸಾಲನ್ನೂ (ಕ್ಯೂ) ಉದ್ದ ಮಾಡಿಟ್ಟರೆ ಫ್ರೇಮ್ ಬೀಳುವುದಿಲ್ಲ. ಈಗ ಮೂರು ಗಂಟೆಯ ಸಿನಿಮಾ ರೆಕಾರ್ಡ್ ಮಾಡಿದರೂ ಕೊನೆಯ ದೃಶ್ಯದಲ್ಲಿ ತುಟಿ, ಮಾತು ಕೂಡಿಯೇ ಇರುತ್ತವೆ.

ಬಾಕ್ಸಿನ ಕಣ್ಣು

ಚಾನೆಲ್ ಬದಲಿಸಲು ಕಂಪ್ಯೂಟರ್ ರಿಮೋಟ್‌ನ ಕೆಲಸ ಮಾಡಬೇಕು. ಮೊದಲು ರಿಸೀವರನ್ನು ನ್ಯಾನೊಗೆ ಜೋಡಿಸಿ, ಐಆರ್‌ರಿಮೋಟ್ ಲೈಬ್ರರಿ ಹಾಕಿ, ಬಾಕ್ಸಿನ ರಿಮೋಟ್‌ನ ಒಂದೊಂದೇ ಬಟನ್ ಒತ್ತಿ ಕೋಡ್ ಬರೆದುಕೊಂಡೆ. ನಮ್ಮದು ಎನ್‌ಇಸಿ ಅನ್ನುವ ಸಂಕೇತ ಬಗೆಯದ್ದು: 38 ಕಿಲೊಹರ್ಟ್ಸ್, ಶುರುವಿನಲ್ಲಿ 9 ಮಿಲಿಸೆಕೆಂಡ್ ಬೆಳಕು, 4.5 ಮಿಲಿಸೆಕೆಂಡ್ ಕತ್ತಲೆ, ಆಮೇಲೆ 32 ಬಿಟ್.

ಎಲ್‌ಇಡಿಯನ್ನು ಬಾಕ್ಸಿನ ಮೂತಿಗೇ ಅಂಟಿಸುವುದರಿಂದ ಹೆಚ್ಚು ಬೆಳಕು ಬೇಕಿಲ್ಲ. ಟ್ರಾನ್ಸಿಸ್ಟರ್ ಇಲ್ಲದೆ, ನ್ಯಾನೊದ ಪಿನ್ನಿನಿಂದ 220 ಓಮ್ ಮೂಲಕ ನೇರ ಕೊಟ್ಟರೆ 17 ಮಿಲಿಆಂಪಿಯರ್ ಹರಿಯುತ್ತದೆ. ಪಿನ್ನಿಗೂ ಹೊರೆಯಲ್ಲ. ಹಾಲ್‌ನ ಇನ್ನೊಂದು ತುದಿಯಿಂದ ಹೊಡೆಯಬೇಕಾದರೆ ಮಾತ್ರ 2ಎನ್2222 ಥರದ ಟ್ರಾನ್ಸಿಸ್ಟರ್ ಬೇಕು. ಎಲ್‌ಇಡಿ ಉರಿಯುತ್ತಿದೆಯಾ ಅಂತ ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ. ನೇರಳೆ ಬೆಳಕು ಮಿನುಗುವುದು ಕಾಣುತ್ತದೆ. ರಿಮೋಟ್ ಬೆಳಕು ಹಿಡಿಯುವ ಬಾಕ್ಸಿನ ಕಣ್ಣನ್ನು ಪೂರ್ತಿ ಮುಚ್ಚಬೇಡಿ. ಒಂದು ಮೂಲೆಗೆ ಎಲ್‌ಇಡಿ ಅಂಟಿಸಿ ಉಳಿದದ್ದನ್ನು ತೆರೆದಿಡಿ. ಮನೆಯವರ ಕೈಯ ರಿಮೋಟ್ ಮೊದಲಿನ ಹಾಗೇ ನಡೆಯಬೇಕು ಅಲ್ವಾ?

ನ್ಯಾನೊದಲ್ಲಿ ಒಂದು ಸ್ವಭಾವ ಇದೆ. ಕಂಪ್ಯೂಟರ್ ಅದರ ಸೀರಿಯಲ್ ಪೋರ್ಟ್ ತೆರೆದಾಗಲೆಲ್ಲ ಅದು ರೀಸೆಟ್ ಆಗುತ್ತದೆ. ಪ್ರತಿ ಸಲ ಹೊಸದಾಗಿ ತೆರೆದು ಅಂಕಿ ಕಳಿಸಿದರೆ ಮೊದಲಿನ ಅಂಕಿಗಳು ಹಾಳು. ಪೋರ್ಟನ್ನು ಸದಾ ತೆರೆದಿಟ್ಟುಕೊಂಡಿರುವ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು ಹಿನ್ನೆಲೆಯಲ್ಲಿ ಓಡಿಸುತ್ತೇನೆ. ರೀಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕುವುದು ಇನ್ನೊಂದು ದಾರಿ. ಆದರೆ ಹೊಸ ಪ್ರೋಗ್ರಾಂ ತುಂಬಿಸುವಾಗ ಅದನ್ನು ಕೀಳಬೇಕು.

ಅಂಕಿಗಳ ನಡುವಿನ ಬಿಡುವು ಹದವಾಗಿರಬೇಕು. ತೀರಾ ಬೇಗ ಕಳಿಸಿದರೆ ಬಾಕ್ಸ್ ಒಂದನ್ನು ನುಂಗುತ್ತದೆ. ತೀರಾ ನಿಧಾನವಾದರೆ ಮೊದಲ ಎರಡು ಅಂಕಿಗೇ ಚಾನೆಲ್ ಹಾಕಿಬಿಡುತ್ತದೆ. ನಮ್ಮ ಬಾಕ್ಸಿಗೆ 300ರಿಂದ 400 ಮಿಲಿಸೆಕೆಂಡ್ ಹೊಂದುತ್ತದೆ. ಒಂದೇ ಅಂಕಿ ಎರಡು ಸಲ ಬರುವ ಚಾನೆಲ್‌ಗೆ ಇನ್ನೂ ಸ್ವಲ್ಪ ಜಾಸ್ತಿ ಬಿಡುವು ಬೇಕು. ಎನ್‌ಇಸಿಯಲ್ಲಿ ಬಟನ್ ಒತ್ತಿ ಹಿಡಿದರೆ ಸುಮಾರು 110 ಮಿಲಿಸೆಕೆಂಡಿಗೊಮ್ಮೆ ಮರುಕಳಿಕೆಯ ಸಂಕೇತ ಹೋಗುತ್ತದೆ. ಅದೇ ಅಂಕಿ ಬೇಗ ಮತ್ತೆ ಬಂದರೆ ಕೆಲವು ಬಾಕ್ಸ್‌ಗಳು ಬೆರಳು ಎತ್ತಿಲ್ಲ ಅಂದುಕೊಳ್ಳುತ್ತವೆ. ಆರ್‌ಸಿ5 ಬಗೆಯ ರಿಮೋಟ್ ಆದರೆ ಪ್ರತಿ ಒತ್ತಿಗೂ ಒಂದು ಟಾಗಲ್ ಬಿಟ್ ಬದಲಾಗಬೇಕು, ಅದನ್ನು ಪ್ರೋಗ್ರಾಂ ನೋಡಿಕೊಳ್ಳಬೇಕು. ಕೊನೆಗೆ ಓಕೆ ಬಟನ್ ಕಳಿಸಿದರೆ ಬಾಕ್ಸ್ ಕಾಯದೆ ಕೂಡಲೇ ಚಾನೆಲ್ ಹಾಕುತ್ತದೆ.

ಕೇಳಿಸಿತಾ?

ಇಷ್ಟಾದರೂ ನೂರಕ್ಕೆ ನೂರು ಆಗುವುದಿಲ್ಲ. ಯಾರೋ ಬಾಕ್ಸಿನ ಮುಂದೆ ನಿಂತು ಅದೇ ಕ್ಷಣಕ್ಕೆ ರಿಮೋಟ್ ಒತ್ತಿರಬಹುದು. ಕರೆಂಟ್ ಹೋಗಿ ಬಂದಿರಬಹುದು. ಆಗ ಬಾಕ್ಸ್ ಎದ್ದು ಆಪರೇಟರಿನ ಲ್ಯಾಂಡಿಂಗ್ ಚಾನೆಲ್‌ನಲ್ಲಿ ನಿಂತಿರುತ್ತದೆ. ಗಂಟೆಗಟ್ಟಲೆ ಯಾರೂ ಬಟನ್ ಒತ್ತದಿದ್ದರೆ ತಾನೇ ಮಲಗಿರಬಹುದು. ಅತಿ ಅಪಾಯದ ಬಟನ್ ಪವರ್. ಆನ್‌ಗೂ ಆಫ್‌ಗೂ ಅದೊಂದೇ. ಬಾಕ್ಸಿನ ಸ್ಥಿತಿ ಗೊತ್ತಿಲ್ಲದೆ ಪವರ್ ಕಳಿಸಿದರೆ ಎದ್ದದ್ದನ್ನು ಮಲಗಿಸಿದ ಹಾಗಾಗುತ್ತದೆ.

ಉತ್ತರ ಹಳದಿ ವೈರಿನಲ್ಲೇ ಬರುತ್ತಿತ್ತು. ಚಾನೆಲ್ ಬದಲಾದಾಗ ಬಾಕ್ಸ್ ಪರದೆಯ ಕೆಳಗೆ ಒಂದು ಪಟ್ಟಿ ತೋರಿಸುತ್ತದೆ, ಅದರಲ್ಲಿ ಚಾನೆಲ್ ನಂಬರ್ ಇರುತ್ತದೆ. ಪ್ರತಿ ಸಲವೂ ಅದೇ ಜಾಗ, ಅದೇ ಅಕ್ಷರ, ಅದೇ ಗಾತ್ರ. ಓಕೆ ಕಳಿಸಿ ಒಂದೂವರೆ ಸೆಕೆಂಡ್ ಬಿಟ್ಟು ಒಂದು ಫ್ರೇಮ್ ತೆಗೆಯುತ್ತೇನೆ. ನಂಬರ್ ಇರುವ ಚೌಕವನ್ನು ಕತ್ತರಿಸಿ ಕಪ್ಪು ಬಿಳುಪು ಮಾಡುತ್ತೇನೆ. ಸೊನ್ನೆಯಿಂದ ಒಂಬತ್ತರವರೆಗೆ ಮೊದಲೇ ತೆಗೆದಿಟ್ಟ ಅಂಕಿಗಳ ಚಿತ್ರಗಳ ಜೊತೆ ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿಯಲ್ಲಿ ಹೋಲಿಸುತ್ತೇನೆ. ಅಕ್ಷರ ಗುರುತಿಸುವ ದೊಡ್ಡ ತಂತ್ರಾಂಶ ಬೇಕಾಗಲಿಲ್ಲ. ಹತ್ತು ಚಿತ್ರಗಳಿಗೆ ಇದು ಮಿಲಿಸೆಕೆಂಡುಗಳ ಕೆಲಸ.

ನಂಬರ್ ಹೊಂದಿದರೆ ಮುಂದಕ್ಕೆ. ಪಟ್ಟಿಯೇ ಕಾಣದಿದ್ದರೆ ಇನ್ಫೊ ಬಟನ್ ಕಳಿಸಿ ಪಟ್ಟಿ ತರಿಸಿ ಮತ್ತೆ ನೋಡುತ್ತದೆ. ನಂಬರ್ ಬೇರೆ ಇದ್ದರೆ ಮತ್ತೆ ಅಂಕಿ ಕಳಿಸುತ್ತದೆ. ಫ್ರೇಮ್ ಪೂರ್ತಿ ಕಪ್ಪಾಗಿದ್ದರೆ ಅಥವಾ ಸಿಗ್ನಲ್ಲೇ ಇಲ್ಲದಿದ್ದರೆ ಬಾಕ್ಸ್ ಮಲಗಿದೆ ಅಂತ ಅರ್ಥ. ಆಗ ಮಾತ್ರ ಪವರ್ ಒಂದೇ ಒಂದು ಸಲ ಕಳಿಸಿ, ಬಾಕ್ಸ್ ಏಳುವವರೆಗೆ ಕಾದು, ಮೊದಲಿನಿಂದ ಶುರು ಮಾಡುತ್ತದೆ. ಕೆಲವು ಬಾಕ್ಸ್‌ಗಳು ಮಲಗಿದಾಗಲೂ ಲೋಗೊ ತೋರಿಸುತ್ತವೆ. ನಿಮ್ಮದು ಹಾಗಿದ್ದರೆ ಆ ಲೋಗೊದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಇಲ್ಲಿ ಕ್ರಮ ಮುಖ್ಯ. ವಿಡಿಯೊ ಸಾಧನದಿಂದ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಚಿತ್ರ ಎಳೆಯಬಹುದು. ಎಫ್‌ಎಫ್‌ಎಂಪೆಗ್ ರೆಕಾರ್ಡಿಂಗ್ ಶುರು ಮಾಡಿದ ಮೇಲೆ ಪರೀಕ್ಷೆಗೆ ಜಾಗವಿಲ್ಲ. ಹಾಗಾಗಿ ಚಾನೆಲ್ ಹಾಕಿ, ನೋಡಿ, ಖಾತ್ರಿ ಮಾಡಿಕೊಂಡು, ಸಾಧನವನ್ನು ಬಿಟ್ಟು, ಆಮೇಲೆ ಎಫ್‌ಎಫ್‌ಎಂಪೆಗ್‌ಗೆ ಕೊಡಬೇಕು. ರೆಕಾರ್ಡಿಂಗ್ ನಡುವೆ ಚಿತ್ರ ನಿಂತುಹೋದರೆ ತಿಳಿಯಲು ಎಫ್‌ಎಫ್‌ಎಂಪೆಗ್‌ನಲ್ಲೇ ಫ್ರೀಜ್‌ಡಿಟೆಕ್ಟ್ ಫಿಲ್ಟರ್ ಇದೆ. ತಿಂಗಳ ದುಡ್ಡು ಮುಗಿದಾಗ ಬಾಕ್ಸ್ ನಂಬರ್ ಸರಿಯಾಗೇ ತೋರಿಸುತ್ತದೆ, ಚಿತ್ರದ ಜಾಗದಲ್ಲಿ ಮಾತ್ರ ಒಂದು ಸಂದೇಶ ನಿಂತಿರುತ್ತದೆ. ಅದನ್ನು ಹಿಡಿಯುವುದು ಈ ಫಿಲ್ಟರೇ. ಹಾಗಾದರೆ ನನ್ನ ಫೋನಿಗೆ ಒಂದು ಸೂಚನೆ ಬರುತ್ತದೆ.

ಈ ಪರೀಕ್ಷೆ ಸೇರಿಸಿದ ಮೇಲೆ ಇಡೀ ವ್ಯವಸ್ಥೆಯ ಗುಣವೇ ಬದಲಾಯಿತು. ಮೊದಲು ರೆಕಾರ್ಡಿಂಗ್ ತೆರೆದು ನೋಡುವವರೆಗೆ ಒಳಗೆ ಏನಿದೆ ಅಂತ ಹೇಳಲಾಗುತ್ತಿರಲಿಲ್ಲ. ಈಗ ಅತ್ತೆ ರೆಕಾರ್ಡಿಂಗ್‌ಗಳ ಪಟ್ಟಿಯಲ್ಲಿ ಹೆಸರು ಕಂಡರೆ ಒಳಗೆ ಅದೇ ಧಾರಾವಾಹಿ ಇರುತ್ತದೆ.

ಟಿವಿಹೆಡೆಂಡ್

ಇವೆಲ್ಲವನ್ನೂ ಕೂಡಿಸಿದ್ದು ಟಿವಿಹೆಡೆಂಡ್ ಅನ್ನುವ ಟಿವಿ ಸರ್ವರ್ ತಂತ್ರಾಂಶ. ಅದರಲ್ಲಿ ಐಪಿಟಿವಿ ನೆಟ್‌ವರ್ಕ್ ಒಂದನ್ನು ಮಾಡಿ, ಪ್ರತಿ ಚಾನೆಲ್‌ಗೂ ಒಂದು ಮಕ್ಸ್ (ಚಿತ್ರ ಎಲ್ಲಿಂದ ಬರಬೇಕು ಅನ್ನುವ ನಮೂದು) ಸೇರಿಸಿದೆ. ವಿಳಾಸದ ಜಾಗದಲ್ಲಿ ಪೈಪ್ ಅಂತ ಬರೆದು ನಮ್ಮ ಸ್ಕ್ರಿಪ್ಟ್‌ನ ದಾರಿ ಮತ್ತು ಚಾನೆಲ್ ನಂಬರ್ ಕೊಟ್ಟರೆ ಸಾಕು. ಯಾರಾದರೂ ಆ ಚಾನೆಲ್ ಕೇಳಿದಾಗ ಟಿವಿಹೆಡೆಂಡ್ ಸ್ಕ್ರಿಪ್ಟ್ ಓಡಿಸುತ್ತದೆ. ಸ್ಕ್ರಿಪ್ಟ್ ಚಾನೆಲ್ ಹಾಕಿ, ಖಾತ್ರಿ ಮಾಡಿ, ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಹೊರಗೆ ಬಿಡುತ್ತದೆ. ನೆಟ್‌ವರ್ಕಿನಲ್ಲಿ ಗರಿಷ್ಠ ಇನ್‌ಪುಟ್ ಸ್ಟ್ರೀಮ್ ಅನ್ನುವಲ್ಲಿ 1 ಅಂತ ಇಡಲೇಬೇಕು. ಇಲ್ಲದಿದ್ದರೆ ಒಂದು ಚಾನೆಲ್ ರೆಕಾರ್ಡ್ ಆಗುವಾಗ ಇನ್ನೊಂದು ಕೇಳಿದರೆ ಬಾಕ್ಸ್ ಅತ್ತಿತ್ತ ಎಳೆದಾಡಿಸಿಕೊಳ್ಳುತ್ತದೆ.

ಕಾರ್ಯಕ್ರಮ ಪಟ್ಟಿಯನ್ನು ನಂಬಿ ರೆಕಾರ್ಡ್ ಮಾಡುವುದಿಲ್ಲ. ಧಾರಾವಾಹಿಗೆ ದಿನ, ಹೊತ್ತು ಗೊತ್ತಿರುತ್ತದೆ. ಹೊತ್ತಿನ ಮೇಲೆ ಟೈಮರ್ ಇಟ್ಟು, ಮೊದಲು 5 ನಿಮಿಷ, ಕೊನೆಗೆ 10 ನಿಮಿಷ ಜಾಸ್ತಿ ಕೊಟ್ಟಿದ್ದೇನೆ. ಹಾಲ್‌ನಲ್ಲಿ ಕೋಡಿ, ಅಡುಗೆಮನೆಯಲ್ಲಿ ಟ್ಯಾಬ್ಲೆಟ್, ಎರಡೂ ಅದೇ ಟಿವಿಹೆಡೆಂಡ್‌ನಿಂದ ತೆಗೆದುಕೊಳ್ಳುತ್ತವೆ. ಎಚ್‌ಡಿಎಂಐನ ನೇರ ಚಿತ್ರಕ್ಕಿಂತ ಟ್ಯಾಬ್ಲೆಟ್‌ನದ್ದು ಕೆಲವು ಸೆಕೆಂಡ್ ಹಿಂದೆ ಇರುತ್ತದೆ. ಕ್ರಿಕೆಟ್ ದಿನ ಅದು ಗೊತ್ತಾಗುತ್ತದೆ, ಹಾಲ್‌ನಲ್ಲಿ ಕೂಗು ಮೊದಲು ಏಳುತ್ತದೆ.

ಜಾಗದ ವಿಷಯ ಒಂದು ಹೇಳಬೇಕು. ಬಾಕ್ಸಿನ ಮೇಲೆ ಕಂಪ್ಯೂಟರ್ ಇಡಬೇಡಿ, ಕಂಪ್ಯೂಟರಿನ ಮೇಲೆ ಬಾಕ್ಸನ್ನೂ ಇಡಬೇಡಿ. ಎರಡೂ ಬಿಸಿಯಾಗುತ್ತವೆ. ಮಳೆಗಾಲದಲ್ಲಿ ಇಲ್ಲಿಯ ಉಪ್ಪುಗಾಳಿಗೆ ಎವಿ ಪಿನ್‌ಗಳು ಹಸಿರುಗಟ್ಟುತ್ತವೆ, ಒಂದು ಬದಿಯ ಧ್ವನಿ ಹೋಗಿಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪಿನ್ನನ್ನು ಒಂದೆರಡು ಸಲ ತಿರುಗಿಸಿ ಚುಚ್ಚಿದರೆ ಸರಿಹೋಗುತ್ತದೆ.

ಬಾಕಿ ಇರುವುದು ಎರಡನೇ ಬಾಕ್ಸ್. ರೆಕಾರ್ಡ್ ಆಗುತ್ತಿರುವಾಗ ಹಾಲ್‌ನಲ್ಲಿ ಬೇರೆ ಚಾನೆಲ್ ನೋಡಲು ಈಗ ಆಗುವುದಿಲ್ಲ. ಒಂದೇ ಬಾಕ್ಸ್ ಎರಡು ಚಾನೆಲ್ ಹಿಡಿಯುವುದಿಲ್ಲ. ಅದಕ್ಕಾಗಿ ಎರಡನೇ ಕನೆಕ್ಷನ್ ತೆಗೆದುಕೊಳ್ಳುವ ಮಾತು ನಡೆದಿದೆ. ಮುಂದೆ ಎರಡೂ ಬಾಕ್ಸಿನಿಂದ ರೆಕಾರ್ಡ್ ಮಾಡುವುದಾದರೆ ಡಾಂಗಲ್‌ಗಳನ್ನು ಒಂದೇ ಯುಎಸ್‌ಬಿ 2 ಬಸ್ಸಿಗೆ ಹಾಕಲಾಗುವುದಿಲ್ಲ. ಎರಡು ಸೇರಿ ಸೆಕೆಂಡಿಗೆ 41 ಮೆಗಾಬೈಟ್ ದಾಟುತ್ತದೆ, ಆ ಬಸ್ಸು ಅಷ್ಟು ಹೊರುವುದಿಲ್ಲ. ಬೇರೆ ಕಂಟ್ರೋಲರಿನ ಪೋರ್ಟ್ ಬೇಕು. ಎರಡು ಬಾಕ್ಸ್ ಒಂದೇ ಮಾದರಿಯಾದರೆ ಒಂದರ ಎಲ್‌ಇಡಿ ಇನ್ನೊಂದರ ಕಣ್ಣಿಗೆ ಬೀಳಬಾರದು. ಕಪ್ಪು ಟೇಪಿನ ಗೂಡು ಮಾಡಿ ಮುಚ್ಚಬೇಕು. ಆಗ ಹೊಸ ಬಾಕ್ಸಿನ ಕಣ್ಣನ್ನು ಪೂರ್ತಿ ಕಂಪ್ಯೂಟರಿಗೇ ಕೊಟ್ಟು, ಹಳೆಯದನ್ನು ಮನೆಯವರ ರಿಮೋಟಿಗೆ ಬಿಡುವ ಯೋಚನೆ ಇದೆ.